ಯಾಟ್ ಕ್ಲಬ್ಬಿನ ಮುಂದೆ ತಾರಾಬಾಯಿಯ ನೀರಡಿಕೆ

ಹುಕ್ಕೇರಿ ತಾಲೂಕಿನ ಹಿನ್ನೀರಿನ ದಂಡೆಯ ಆ ಊರಿನಲ್ಲಿ ತಾರಾಬಾಯಿಯ ನಾಲಿಗೆಗೆ ಹೆದರದವರು ಇಬ್ಬರೇ. ಒಬ್ಬ ಬಸದಿಯೊಳಗಿನ ಪಾರ್ಶ್ವನಾಥ, ಇನ್ನೊಬ್ಬ ಅವಳ ತಮ್ಮ ಆಬಾಸಾಹೇಬ. ಪಾರ್ಶ್ವನಾಥ ತಿರುಗಿ ಮಾತಾಡುತ್ತಿರಲಿಲ್ಲ, ಆಬಾಸಾಹೇಬ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ತಾರಾಬಾಯಿ, ತಾಯಿಯಿಲ್ಲದ ಈ ತಮ್ಮನನ್ನು ಉಣಿಸಿ, ಬೈದು, ಬಡಿದು ದೊಡ್ಡವನನ್ನು ಮಾಡಿದ್ದಳು. ಬಡಿದದ್ದು ಕಡಿಮೆಯಾಯಿತೆಂದು ಅವಳಿಗೆ ಈಗ ಅನಿಸುತ್ತಿತ್ತು.

ಅವಳದೊಂದು ನೇಮವಿತ್ತು. ತನ್ನ ಕೈಯಾರೆ ಅರಿವೆಯಲ್ಲಿ ಸೋಸಿ ಗಾಳಿಸಿದ ನೀರನ್ನಷ್ಟೇ ಕುಡಿಯಬೇಕು, ಅದೂ ಹೊತ್ತು ಮುಳುಗುವುದರೊಳಗೆ. ಗಾಳಿಸಿದ ಮೇಲೆ ಅರಿವೆಯನ್ನು ಮಗುಚಿ, ಅದರಲ್ಲಿ ಸಿಕ್ಕ ಕಣ್ಣಿಗೆ ಕಾಣದ ಜೀವಗಳನ್ನು ಮೆತ್ತಗೆ ತೊಳೆದು, ನೀರು ಎಲ್ಲಿಂದ ಬಂತೋ ಅಲ್ಲಿಗೇ ಬಿಡಬೇಕು. ನಳದ ನೀರು ಅವಳಿಗೆ ಆಗದು, ನಳದೊಳಕ್ಕೆ ಯಾರನ್ನಾದರೂ ವಾಪಸು ಕಳಿಸುವುದು ಹೇಗೆ? ಮನೆಯ ಬಾವಿ ಡ್ಯಾಮು ಕಟ್ಟಿದಾಗಲೇ ಮುಳುಗಿತ್ತು. ಹಾಗಾಗಿ ಹಿನ್ನೀರೆಂದರೆ ತನ್ನ ಅಪ್ಪನ ಬಾವಿಯೇ, ಸರಕಾರ ಅದನ್ನು ಸ್ವಲ್ಪ ದೊಡ್ಡದು ಮಾಡಿದೆ ಅಷ್ಟೇ, ಎಂಬುದು ಅವಳ ವಾದ.

ತೊಂಬತ್ತೆಂಟನೇ ಇಸವಿಯ ಸುಮಾರಿಗೆ ಆಬಾಸಾಹೇಬ ಯಾರದೋ ಮದುವೆಗೆಂದು ಮುಂಬೈಗೆ ಹೋದ. ಅಲ್ಲಿ ಸಮುದ್ರದ ದಂಡೆಗೆ ಕಟ್ಟಿದ ಸಾಹುಕಾರರ ಬಿಳಿ ಬಿಳಿ ಮೋಜಿನ ಬೋಟುಗಳನ್ನು, ಅಂದರೆ ಯಾಟುಗಳನ್ನು, ನೋಡಿದವನಿಗೆ ಮದುವೆ ಊಟ ರುಚಿಸಲಿಲ್ಲ. ಊರಿಗೆ ಬಂದವನೇ ರತ್ನಾಗಿರಿ ಕಡೆಯಿಂದ ಮೀನು ಹಿಡಿಯುವ ಹಳೆಯ ಬೋಟೊಂದನ್ನು ಲಾರಿಯ ಮೇಲೆ ತರಿಸಿ, ಬಿಳಿ ಬಣ್ಣ ಬಳಿಸಿ, ಖಾಲಿ ಡ್ರಮ್ಮುಗಳ ಮೇಲೆ ಹಲಗೆ ಹೊಡೆಸಿ ಬಂದರು ಮಾಡಿದ. ಮೇಲೊಂದು ಬೋರ್ಡು ನೇತುಬಿತ್ತು: ಶ್ರೀ ಪದ್ಮಾವತಿ ಯಾಟ್ ಕ್ಲಬ್. ಮೀನಿನ ವಾಸನೆ ಹೋಗಲೆಂದು ಬೋಟಿಗೆ ಊದುಬತ್ತಿ ಹಚ್ಚಿದರು. ಅದು ಹೋಗಲಿಲ್ಲ.

ಗೋಕಾಕದ ಸಾಹುಕಾರರ ಮಕ್ಕಳು ಐತವಾರ ಬಂದು ಬೋಟಿನಲ್ಲಿ ಸುತ್ತಿ, ಚುರಮುರಿ ತಿಂದು, ಕಾಗದವನ್ನು ನೀರಿಗೆ ಎಸೆದು ಹೋಗತೊಡಗಿದರು. ಎಂಜಿನ್ನು ಮುದಿ ಎಮ್ಮೆಯಂತೆ ಕಂಡಕಂಡಲ್ಲಿ ಸೋರುತ್ತಿತ್ತು. ಸುಟ್ಟ ಆಯಿಲನ್ನು ನೀರಿಗೇ ಚೆಲ್ಲೆಂದು ಅಂಬಿಗ ಶೆಟ್ಟೆಪ್ಪನಿಗೆ ಮಾಲಕರ ಅಪ್ಪಣೆಯಾಗಿತ್ತು. ಅಷ್ಟು ದೊಡ್ಡ ನೀರಿಗೆ ಇಷ್ಟು ಎಣ್ಣೆ ಯಾವ ಲೆಕ್ಕ ಎಂದು ಆಬಾಸಾಹೇಬನ ತರ್ಕ.

ಬೇಸಿಗೆ ಬಂದು ನೀರು ಇಳಿಯಿತು. ಒಂದು ಬೆಳಿಗ್ಗೆ ಬಂದರಿನ ಬಾಜೂಕ್ಕೆ ಕುಳಿತು ನೀರು ಗಾಳಿಸಿದ ತಾರಾಬಾಯಿಯ ಅರಿವೆ ಕಪ್ಪಾಗಿತ್ತು. ಅದರ ಮಡಿಕೆಯಲ್ಲಿ ಸಣ್ಣ ಸಣ್ಣ ಹುಳುಗಳು ಎಣ್ಣೆಗೆ ಅಂಟಿ ಸತ್ತಿದ್ದವು. ಅವುಗಳನ್ನು ವಾಪಸು ಬಿಡಲು ಹೋದರೆ ಅಲ್ಲೂ ಅದೇ ಎಣ್ಣೆ. ಇಷ್ಟು ದಿನ ಜೀವ ಉಳಿಸುತ್ತೇನೆಂದುಕೊಂಡು ಇದೇ ಕೈಯಿಂದ ವಿಷದೊಳಗೆ ಬಿಟ್ಟೆನಲ್ಲ ಎಂದು ಅವಳಿಗೆ ಸಂಕಟವಾಯಿತು. ಅವಳು ಎದ್ದು ನಿಲ್ಲುವುದರೊಳಗೆ ಆ ಸಂಕಟ ಸಿಟ್ಟಾಗಿತ್ತು.

"ಆಬಾ, ಆ ಎಂಜಿನ್ ತಗಿ. ಅದನ್ನ ತಗಿಯೂತನಕಾ ನಾ ಒಂದ್ ಹನಿ ನೀರ ಕುಡಿಯೂದಿಲ್ಲ" ಎಂದು ಬೋರ್ಡಿನ ಕೆಳಗೆ ಒಬ್ಬನೇ ನಿಂತಿದ್ದ ತಮ್ಮನಿಗೆ ಅಂದಳು.

"ಬಾಟ್ಲಿ ನೀರ ತರಸ್ತೇನಿ ತಗೋ ಅಕ್ಕಾ, ಸೀಲ್ ಇರ್ತೈತಿ" ಅಂದ ಆಬಾಸಾಹೇಬ, ಹಲ್ಲು ಕಿರಿದು.

ತಾರಾಬಾಯಿ ಬಂದರಿನ ಎದುರು ದಂಡೆಯ ಮೇಲಿದ್ದ ಕ್ಲಬ್ಬಿನ ಕೋಣೆಯ ಕಟ್ಟೆಯ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕುಳಿತಳು. ಪಕ್ಕದ ಮನೆಯ ಯಲ್ಲವ್ವ ಬಂದು, "ಆಕಡಿ ದಂಡಿಯಿಂದ ಚಲೋ ನೀರ ತಂದಕೊಡ್ಲೇನ್ರಿ ಅಕ್ಕಾರ?" ಎಂದು ಕೇಳಿದರೆ ಬೇಡವೆಂದು ತಲೆಯಾಡಿಸಿ ಕಣ್ಣು ಮುಚ್ಚಿದಳು. ಬಿಸಿಲಿಗೆ ಕಣ್ಣು ಮುಚ್ಚಿದ್ದು. ಆದರೆ ಬಿಳಿ ಸೀರೆಯ ವಯಸ್ಸಾದ ಜೈನ ಹೆಣ್ಣುಮಗಳು ಅನ್ನ ನೀರು ಒಲ್ಲೆನೆಂದು ಕಣ್ಣು ಮುಚ್ಚಿ ಕುಳಿತರೆ ಆ ಸೀಮೆಯಲ್ಲಿ ಯಾರೂ ಕಾರಣ ಕೇಳಲು ಹೋಗುವುದಿಲ್ಲ. ಸಂಜೆಯಷ್ಟೊತ್ತಿಗೆ ತಾರಾಬಾಯಿ ಉಪವಾಸವಿದ್ದು ದೇಹ ಬಿಡುವ ಸಲ್ಲೇಖನ ವ್ರತ ಹಿಡಿದಳೆಂದು ಊರು ತೀರ್ಮಾನಿಸಿತು. ಮರುದಿನ ಮುಂಜಾನೆಗೆ ಸುದ್ದಿ ಮೂಡಲಗಿಯವರೆಗೆ ಮುಟ್ಟಿತು.

ಬೆಲ್ಲದ ಬಾಗೇವಾಡಿಯಿಂದ ಟ್ರ್ಯಾಕ್ಟರು, ಮೂಡಲಗಿಯಿಂದ ಜೀಪು. ಕಾಯಿ, ಕರ್ಪೂರ, ಭಜನೆ. ಆಚೆ ದಂಡೆಯ ಮಂದಿಗೆ ಸುತ್ತಿ ಬರುವುದು ದೂರವೆಂದು ಆಬಾಸಾಹೇಬ ತನ್ನ ಯಾಟನ್ನೇ ಬಿಟ್ಟ. ಅದು ಬಂದಾಗಿನಿಂದ ಇಷ್ಟೊಂದು ಸಲ ಎಂದೂ ಓಡಿರಲಿಲ್ಲ. ಎಂಜಿನ್ನು ನಿಲ್ಲಲೆಂದು ಕುಳಿತವಳ ದರ್ಶನಕ್ಕೆ ಜನರನ್ನು ಹೊತ್ತು ಅದೇ ಎಂಜಿನ್ನು ಧಡಧಡ ಓಡಾಡಿ, ಅವಳ ಕಣ್ಣೆದುರಿಗೇ ನೀರಿನ ಮೇಲೆ ಎಣ್ಣೆಯ ಏಳು ಬಣ್ಣ ಬಿಡಿಸಿತು. ಅವಳ ಪುಣ್ಯವಂತ ತಮ್ಮನೆಂದು ಯಾರೋ ಆಬಾಸಾಹೇಬನಿಗೂ ಮಾಲೆ ಹಾಕಿದರು. ಅವನು ತೆಗೆಯಲಿಲ್ಲ.

ತಾರಾಬಾಯಿಯ ಬಾಯಿ ಒಣಗಿ ನಾಲಿಗೆ ಅಂಟಿಕೊಂಡಿತ್ತು. ಮಾತಾಡಲು ಬಾಯಿ ತೆರೆದರೆ ಸಾಕು, ಅವಳ ಸಮಾಧಿ ಕೆಡಬಾರದೆಂದು ಹೆಂಗಸರು ಣಮೋಕಾರ ಮಂತ್ರವನ್ನು ಇನ್ನೂ ಜೋರು ಮಾಡುತ್ತಿದ್ದರು. ಹೇಗೋ ಮಾಡಿ, "ಎಂಜಿನ್..." ಅಂದಳು.

ಬಾಗೇವಾಡಿಯ ಹಿರಿಯರೊಬ್ಬರು ಕೈಮುಗಿದು, "ಮೋಹಾ ಬಿಡ್ರಿ ಆಯಿ. ಎಂಜಿನ್, ಗಿಂಜಿನ್ ಎಲ್ಲಾ ಪುದ್ಗಲ. ಅದರಾಗ ಆತ್ಮಾ ಇಲ್ಲ" ಎಂದು ತಿಳಿಹೇಳಿದರು. ಕೈಯಲ್ಲಿ ಶಕ್ತಿ ಇದ್ದಿದ್ದರೆ ತಾರಾಬಾಯಿ ಅವರಿಗೆ ತಂಬಿಗೆ ಬೀಸಿ ಒಗೆಯುತ್ತಿದ್ದಳು.

ಅವಳು ಯಾಕೆ ಕುಳಿತಿದ್ದಾಳೆಂದು ಗೊತ್ತಿದ್ದವನು ಆಬಾಸಾಹೇಬ ಒಬ್ಬನೇ. ಇಳಿಹೊತ್ತಿಗೆ ಅವನು ಪಾದ ಮುಟ್ಟುವ ನೆವದಲ್ಲಿ ಬಗ್ಗಿದ. ಈಗ ಒಪ್ಪುತ್ತಾನೆಂದು ತಾರಾಬಾಯಿಗೆ ಖಾತ್ರಿಯಿತ್ತು. ಎಷ್ಟೆಂದರೂ ತಾನು ಸಾಕಿದ ಕೂಸು.

"ಇವತ್ತೊಂದ್ ದಿನಾ ತಡಿ ಅಕ್ಕಾ" ಎಂದು ಅವನು ಪಿಸುಗುಟ್ಟಿದ. "ಮಂದಿ ಭಾಳ ಬಂದೈತಿ."

ಆಗ ಅವಳಿಗೆ ಸಿಟ್ಟು ಬರಲಿಲ್ಲ. ನೋವಾಯಿತು. ಗೋಡೆ ಹಿಡಿದು ಎದ್ದಳು. ಜನ ದಾರಿ ಬಿಟ್ಟು ಕೈಮುಗಿದರು. ಹಲಗೆಯ ತುದಿಗೆ ಹೋಗಿ, ಬೋಟಿನ ಬುಡದಲ್ಲೇ ಒಂದು ತಂಬಿಗೆ ನೀರು ತುಂಬಿ, ಎಲ್ಲರೆದುರು ಅರಿವೆಯಿಂದ ಬಟ್ಟಲಿಗೆ ಗಾಳಿಸಿ ತಮ್ಮನ ಮುಂದೆ ಹಿಡಿದಳು.

"ಕುಡಿ."

ಏನು ಪುಣ್ಯ ಮಾಡಿದ್ದಾನೋ ಎಂದು ಯಾರೋ ನಿಟ್ಟುಸಿರು ಬಿಟ್ಟರು. ಅಷ್ಟು ಮಂದಿಯೆದುರು, ಅದೂ ಮಾಲೆ ಹಾಕಿಕೊಂಡು, ಒಲ್ಲೆ ಅನ್ನುವ ಹಾಗಿರಲಿಲ್ಲ. ಆಬಾಸಾಹೇಬ ಒಂದು ಗುಟುಕು ನುಂಗಿದ. ಅವನ ಮೋರೆ ಕಿವುಚಿಕೊಂಡದ್ದನ್ನು ಭಕ್ತಿಯೆಂದೇ ತಿಳಿದು, ಬಾಗೇವಾಡಿಯ ಹಿರಿಯರು ತೀರ್ಥಕ್ಕೆಂದು ಕೈಯೊಡ್ಡಿದರು. ತುಟಿಗೆ ತಂದವರು ಅಲ್ಲೇ ನಿಂತರು.

"ಆಯಿ, ಇದಕ ಡೀಸೆಲ್ ವಾಸನಿ ಬರ್ತೈತಲ್ರಿ."

"ಅದಕ್ಕ ನಾ ಕುಡದಿಲ್ಲ" ಅಂದಳು ತಾರಾಬಾಯಿ, ಕಪ್ಪು ಅರಿವೆಯನ್ನು ಅವರ ಮೂಗಿನ ಕೆಳಗೆ ಬಿಚ್ಚಿ. "ನಾ ಸಾಯಾಕ ಕುಂತಿಲ್ರಿ. ನನಗ ನೀರಡಿಕಿ ಆಗೈತಿ."

ಭಜನೆ ನಿಂತಿತು. ಹಿರಿಯರು ಅರಿವೆ ನೋಡಿದರು, ಆಬಾಸಾಹೇಬನನ್ನು ನೋಡಿದರು, ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡರು. ಜೀಪು ಮಾಡಿಕೊಂಡು ಬಂದ ಮೂಡಲಗಿಯವರಿಗೆ ಮಾತ್ರ ಬೇಸರವೇ ಆಯಿತು. ಸಾಯದಿರುವವಳನ್ನು ನೋಡಲು ಇಷ್ಟು ದೂರ ಬರಬೇಕಿತ್ತೇ ಎಂದು ಒಬ್ಬರು ಕೇಳಿಯೂ ಕೇಳಿದರು.

ಆಬಾಸಾಹೇಬ ಮಾಲೆ ತೆಗೆದ. "ಶೆಟ್ಟೆಪ್ಪಾ, ಎಂಜಿನ್ ಬಿಚ್ಚಿ ದಂಡಿಗೆ ಇಡು" ಅಂದ. ದಂಡೆಯ ನೀರು ಹೇಗೂ ಕುಡಿಯಲು ಬರುವಂತಿರಲಿಲ್ಲ. ಹೊತ್ತು ಗುಡ್ಡದ ಕಡೆ ವಾಲಿತ್ತು. ಅದು ಮುಳುಗಿದರೆ ತಾರಾಬಾಯಿ ಮರುದಿನದವರೆಗೆ ಬಾಯಿಗೆ ಹನಿ ಹಾಕುವವಳಲ್ಲ, ಅಷ್ಟು ಹೊತ್ತು ಅವಳು ತಾಳುವ ಹಾಗೂ ಕಾಣಲಿಲ್ಲ. ಆಬಾಸಾಹೇಬ ಕೊಡ ಎತ್ತಿಕೊಂಡು ಶೆಟ್ಟೆಪ್ಪನ ಹಳೆಯ ದೋಣಿ ಹತ್ತಿದ. ಶೆಟ್ಟೆಪ್ಪ ಎಂಜಿನ್ನು ಬಿಚ್ಚುವುದರಲ್ಲಿ ತೊಡಗಿದ್ದರಿಂದ ಹುಟ್ಟನ್ನು ಸ್ವತಃ ಹಾಕಬೇಕಾಯಿತು. ದೋಣಿ ಮೊದಲು ಒಂದು ಸುತ್ತು ತಿರುಗಿತು, ಆಮೇಲೆ ನಡುನೀರಿನ ಕಡೆ ಹೊರಟಿತು.

ಅವನು ವಾಪಸು ಬಂದಾಗ ಬೆಳಕು ಇನ್ನೂ ಸ್ವಲ್ಪ ಉಳಿದಿತ್ತು. ಅಂಗೈ ಬೊಬ್ಬೆ ಎದ್ದಿತ್ತು. ತಾರಾಬಾಯಿ ಬೇರೆ ಅರಿವೆಯಲ್ಲಿ ನೀರು ಗಾಳಿಸಿ, ಬಟ್ಟಲೆತ್ತಿ, ಕಣ್ಣು ಮುಚ್ಚಿ, ನಿಧಾನಕ್ಕೆ ಕುಡಿದಳು. ಇನ್ನೊಂದು ಬಟ್ಟಲು ಕುಡಿದಳು. ಆಬಾಸಾಹೇಬ ಅವಳ ಕಾಲ ಬಳಿ ಕುಸಿದು ಕುಳಿತ.

"ಅಕ್ಕಾ, ನೀ ಖರೇನ ಸಾಯ್ತಿದ್ದೇನ?"

"ನೀ ಖರೇನ ಸಾಯಾಕ ಬಿಡ್ತಿದ್ದೇನ?"

ತಾರಾಬಾಯಿ ಅರಿವೆಯನ್ನು ತಂಬಿಗೆಯ ನೀರಿನಲ್ಲಿ ತೊಳೆದು, ಆ ತಂಬಿಗೆಯನ್ನು ಅವನ ಕೈಗಿಟ್ಟಳು.

"ನೀರ ತಂದಲ್ಲೇ ಇವನ್ನ ಬಿಟ್ಟ ಬಾ. ಮ್ಯಾಲಿಂದ ಸುರವಬ್ಯಾಡ, ಬಗ್ಗಿ ಬಿಡು."

ಆಬಾಸಾಹೇಬ ಅಂಗೈ ನೋಡಿಕೊಂಡ. ತಂಬಿಗೆಯನ್ನು ದೋಣಿಯಲ್ಲಿ ತುಳುಕದಂತೆ ಇಟ್ಟು ಹುಟ್ಟು ಹಾಕಿದ. ಜೀಪುಗಳು ಹೋದವು, ಯಲ್ಲವ್ವ ಬಂದು ಮನಿಗೆ ನಡೀರಿ ಅಂದಳು. ತಮ್ಮನ ಮೇಲಿನ ನೋವು ಇನ್ನೂ ಇಳಿದಿರಲಿಲ್ಲ, ಅಷ್ಟು ಸುಲಭಕ್ಕೆ ಇಳಿಯುವಂಥದೂ ಅಲ್ಲ. ಆದರೂ ಅವನಿಗೆ ಈಜು ಬರುವುದಿಲ್ಲವೆಂದು ನೆನಪಾಗಿ, ಅವನು ವಾಪಸು ದಂಡೆ ಮುಟ್ಟುವವರೆಗೆ ತಾರಾಬಾಯಿ ಏಳಲಿಲ್ಲ.