ಮಿಂಗ್ ಬೆಂಚಿನಲ್ಲಿ ಕೂತ ಫೈನಲ್

೨೦೨೨ರ ಆರಂಭದಲ್ಲಿ ನಾನು ಸೈಬರ್‌ಜಯಾದ ಹತ್ತಿರ ಒಂದು ಮೆಡಿಕಲ್ ಕಾಲೇಜಿನಲ್ಲಿ ಸ್ಪೋರ್ಟ್ಸ್ ಮೆಡಿಸಿನ್ ಪಾಠ ಮಾಡುತ್ತಿದ್ದೆ. ಜೊತೆಗೆ ಕೌಲಾಲಂಪುರದ ಒಂದು ವೃತ್ತಿಪರ ಬಾಸ್ಕೆಟ್‌ಬಾಲ್ ತಂಡಕ್ಕೆ ವೈದ್ಯೆ. ಉಡುಪಿಯಲ್ಲಿ ಓದುವಾಗ ಥ್ರೋಬಾಲ್ ಆಡಲು ಹೋಗಿ ಕಿರುಬೆರಳು ಮುರಿದುಕೊಂಡದ್ದು ಬಿಟ್ಟರೆ ನನ್ನ ಹೆಸರಿನಲ್ಲಿ ಬೇರೆ ಕ್ರೀಡಾ ಸಾಧನೆ ಏನೂ ಇರಲಿಲ್ಲ. ಆದರೂ ಆರಡಿ ಮೀರಿದ ಹುಡುಗರು ನನ್ನೆದುರು ಬಗ್ಗಿ ನಿಂತು ಮೂಗಿಗೆ ಕೋವಿಡ್ ಪರೀಕ್ಷೆಯ ಕಡ್ಡಿ ಹಾಕಿಸಿಕೊಳ್ಳುತ್ತಿದ್ದರು. ಆ ದಿನಗಳಲ್ಲಿ ತಂಡದ ವೈದ್ಯರ ಕೆಲಸದಲ್ಲಿ ಅರ್ಧ ಪಾಲು ಅದೇ ಆಗಿತ್ತು.

ಉಳಿದ ಅರ್ಧ ಪಾಲು ಜಗಳ. ವೃತ್ತಿಪರ ಬಾಸ್ಕೆಟ್‌ಬಾಲ್‌ನಲ್ಲಿ ‘ಲೋಡ್ ಮ್ಯಾನೇಜ್‌ಮೆಂಟ್’ ಎಂಬ ಮಾತಿದೆ. ತಂಡದ ದೊಡ್ಡ ಆಟಗಾರನ ಮೈ ಸವೆಯದಂತೆ, ಅಷ್ಟು ಮುಖ್ಯವಲ್ಲದ ಪಂದ್ಯಗಳಲ್ಲಿ ಅವನನ್ನು ಬೇಕೆಂದೇ ಆಡಿಸದೆ ಕೂರಿಸುವುದು. ನಮಗೆ ಇದು ವೈದ್ಯಕೀಯ ಲೆಕ್ಕಾಚಾರ. ಎದುರಾಳಿ ತಂಡಕ್ಕೆ ಅವಮಾನ. ‘ನಿಮ್ಮನ್ನು ಸೋಲಿಸಲು ನಮ್ಮ ಎರಡನೇ ಸಾಲಿನವರೇ ಸಾಕು’ ಎಂದ ಹಾಗೆ ಅವರಿಗೆ ಕೇಳಿಸುತ್ತದೆ. ಕೋಚ್‌ಗಳಿಗಂತೂ ವೈದ್ಯರ ಬಾಯಿಯಿಂದ ‘ವಿಶ್ರಾಂತಿ’ ಎಂಬ ಶಬ್ದ ಬಂದರೆ ಸಾಕು, ಮುಖ ಹುಳ್ಳಗಾಗುತ್ತದೆ.

ನಮ್ಮ ತಂಡದ ತಾರೆ ಮಿಂಗ್. ಪೆನಾಂಗ್ ತಂಡದ ತಾರೆ ಸೆಲ್ವಮ್. ಇಬ್ಬರೂ ಪೆನಾಂಗಿನ ಒಂದೇ ಶಾಲೆಯ ತಂಡದಲ್ಲಿ ಆಡಿ ಬೆಳೆದವರು. ಮಿಂಗ್ ಆಮೇಲೆ ಕೌಲಾಲಂಪುರಕ್ಕೆ ಬಂದ. ಅಂಕಣದಲ್ಲಿ ಹಾವು ಮುಂಗುಸಿ. ಪಂದ್ಯ ಮುಗಿದ ಮೇಲೆ ಮಾತ್ರ ಇಬ್ಬರ ನಡುವೆ ಒಂದು ಕಟ್ಟುಪಾಡಿತ್ತು. ಸೋತವನು ಹತ್ತಿರದಲ್ಲಿ ತಮಿಳು ಮುಸ್ಲಿಮರು ನಡೆಸುವ ಮಾಮಕ್ ಊಟದಂಗಡಿಗೆ ಹೋಗಿ ಗೆದ್ದವನಿಗೆ ನಾಸಿ ಕಂದರ್, ಅಂದರೆ ಅನ್ನದ ಮೇಲೆ ನಾಲ್ಕಾರು ಬಗೆಯ ಸಾರು ಸುರಿದದ್ದನ್ನು, ತಪಾವ್ ಮಾಡಿಸಿ ತರಬೇಕು. ಕಟ್ಟಿಸಿ ತಂದ ಪೊಟ್ಟಣವನ್ನು ತಾನೇ ಎದುರಾಳಿಗಳ ಬಸ್ಸು ಹತ್ತಿ ಕೈಗೆ ಕೊಡಬೇಕು. ಬೇರೆಯವರ ಕೈಯಲ್ಲಿ ಕಳಿಸಿದರೆ ನಡೆಯುವುದಿಲ್ಲ. ಗೆದ್ದ ತಂಡದವರೆಲ್ಲ ‘ಓ’ ಎಂದು ಕೂಗುವಾಗ ಸೋತವನು ತಲೆ ತಗ್ಗಿಸಿ ಬಸ್ಸು ಹತ್ತುವುದನ್ನು ನೋಡುವುದೇ ಒಂದು ಚಂದ.

ಆ ವರ್ಷದ ಫೈನಲ್ ಇವರಿಬ್ಬರ ತಂಡಗಳ ನಡುವೆಯೇ ಎಂದು ಗೊತ್ತಾಯಿತು. ಅದು ತನ್ನ ಕೊನೆಯ ಪಂದ್ಯ ಎಂದು ಸೆಲ್ವಮ್ ಮೊದಲೇ ಹೇಳಿಬಿಟ್ಟಿದ್ದ.

ಅದಕ್ಕೆ ಕೆಲವು ವಾರ ಮೊದಲು ಮಿಂಗ್‌ಗೆ ಕೋವಿಡ್ ಬಂದು ಹೋಗಿತ್ತು. ದೊಡ್ಡ ಜ್ವರವೇನೂ ಇರಲಿಲ್ಲ. ಅಭ್ಯಾಸಕ್ಕೆ ಮರಳಿದ, ಓಡಿದ, ನಗುನಗುತ್ತಲೇ ಇದ್ದ. ಅನುಮಾನ ಬಂದದ್ದು ನಮ್ಮ ಫಿಸಿಯೊಥೆರಪಿಸ್ಟ್ ಮಹಾಂತೇಶನಿಗೆ. ಹುಬ್ಬಳ್ಳಿಯವನು, ಮಾತು ಜಾಸ್ತಿ, ಕಣ್ಣು ಚುರುಕು.

“ಮೇಡಂ, ಅವ ಓಡಿ ಬಂದು ಎದಿ ಒತ್ಕೊಳ್ಳಾಕ ಹತ್ಯಾನ್ರಿ. ಕೇಳಿದ್ರ ಗ್ಯಾಸ್ ಅಂತಾನ. ನನಗ್ಯಾಕೋ ಸರಿ ಕಾಣವಲ್ದು.”

ಇಸಿಜಿ ಮಾಡಿಸಿದೆ. ಸಂಶಯ ಬಂದು ರಕ್ತ ಪರೀಕ್ಷೆ, ಅದರ ಹಿಂದೆಯೇ ಹೃದಯದ ಎಂಆರ್‌ಐ. ಮಯೊಕಾರ್ಡೈಟಿಸ್ ಎಂದು ಬಂತು. ವೈರಸ್ಸಿನ ಕಾಟಕ್ಕೆ ಹೃದಯದ ಸ್ನಾಯುವಿಗೇ ಉರಿಯೂತ ಹಿಡಿಯುವ ಸ್ಥಿತಿ. ಸುಮ್ಮನೆ ಇದ್ದರೆ ಹೆಚ್ಚಿನವರಿಗೆ ತಾನಾಗಿ ವಾಸಿಯಾಗುತ್ತದೆ. ಆ ಹೊತ್ತಿನಲ್ಲಿ ಜೋರಾಗಿ ಓಡಿದರೆ ಹೃದಯದ ಬಡಿತ ತಾಳ ತಪ್ಪಿ, ನಿಂತ ನಿಲುವಿನಲ್ಲೇ ಬಿದ್ದು ಸಾಯಬಹುದು. ಕಷ್ಟವೆಂದರೆ, ಅದುವರೆಗೆ ರೋಗಿಗೆ ತಾನು ಗಟ್ಟಿಮುಟ್ಟಾಗಿದ್ದೇನೆ ಎಂದೇ ಅನಿಸುತ್ತಿರುತ್ತದೆ.

“ಕನಿಷ್ಠ ಮೂರು ತಿಂಗಳು ಆಟವಿಲ್ಲ. ಆಮೇಲೆ ಮತ್ತೆ ಪರೀಕ್ಷೆ,” ಎಂದೆ.

ಮಿಂಗ್, “ಫೈನಲ್ ಒಂದು ಆಡಿ ಆಮೇಲೆ ಆರು ತಿಂಗಳು ಕೂರ್ತೇನೆ, ಡಾಕ್ಟರ್. ಸೆಲ್ವಮ್‌ಗೆ ಅದು ಕೊನೆಯ ಆಟ ಲಾ,” ಎಂದ. ‘ಲಾ’ ಅಲ್ಲಿಯವರ ಮಾತಿಗೆ ಅಂಟಿಕೊಂಡ ಬಾಲ. ನಾನು ಆಗುವುದಿಲ್ಲ ಎಂದೆ. ಹಾಗಾದರೆ ಕಾರಣ ಯಾರಿಗೂ ಹೇಳಬೇಡಿ ಎಂದು ಕೈ ಹಿಡಿದುಕೊಂಡ. ಹೃದಯದ ತೊಂದರೆ ಇರುವವನಿಗೆ ಮುಂದಿನ ವರ್ಷ ಯಾರು ಕಾಂಟ್ರ್ಯಾಕ್ಟ್ ಕೊಡುತ್ತಾರೆ ಎಂಬುದು ಅವನ ಭಯ. ಅದು ಸುಳ್ಳು ಭಯವೂ ಅಲ್ಲ. ರೋಗಿಯ ಗುಟ್ಟು ರೋಗಿಯದು. ಹಾಗಾಗಿ ಕೋಚ್ ಲಿಮ್ ಅವರಿಗೆ ನಾನು ‘ಮಿಂಗ್ ಆಡಲು ಅರ್ಹನಲ್ಲ’ ಎಂದಷ್ಟೇ ಬರೆದು ಕೊಟ್ಟೆ.

ಲಿಮ್ ಕೆಟ್ಟ ಮನುಷ್ಯನಲ್ಲ. ನಾನು ಮತ್ತೆ ಲೋಡ್ ಮ್ಯಾನೇಜ್‌ಮೆಂಟ್ ರಾಗ ತೆಗೆದಿದ್ದೇನೆ ಎಂದುಕೊಂಡರು. ಹೊರಗಿನವರೂ ಹಾಗೇ ತಿಳಿದರು. ಫೈನಲ್‌ನಲ್ಲೂ ತಾರೆಯನ್ನು ಕೂರಿಸುವಷ್ಟು ಸೊಕ್ಕು ಬಂದಿದೆ ಕೌಲಾಲಂಪುರದವರಿಗೆ ಎಂದು ಪೆನಾಂಗಿನ ಅಭಿಮಾನಿಗಳು ಫೇಸ್‌ಬುಕ್ಕಿನಲ್ಲಿ ನಮ್ಮ ಜನ್ಮ ಜಾಲಾಡಿದರು. ಎಲ್ಲ ಗೊತ್ತಿದ್ದೂ ಬಾಯಿ ಮುಚ್ಚಿ ಬೈಸಿಕೊಳ್ಳುವುದು ನನ್ನಂಥ ಸಿಡುಕಿಗೆ ಬಹಳ ಕಷ್ಟವಾಯಿತು.

ಫೈನಲ್ ದಿನ ಮಧ್ಯಾಹ್ನ ಕ್ರೀಡಾಂಗಣದ ಪಾರ್ಕಿಂಗ್‌ನಲ್ಲಿ ಸೆಲ್ವಮ್ ನನ್ನನ್ನು ತಡೆದು ನಿಲ್ಲಿಸಿದ. ಇಬ್ಬರ ಮುಖದಲ್ಲೂ ಮಾಸ್ಕ್, ನಡುವೆ ನಿಯಮದ ದೂರ. ನಾನು ತಮಿಳು ಅಷ್ಟಿಷ್ಟು ಬಲ್ಲೆನೆಂದು ಅವನಿಗೆ ಗೊತ್ತಿತ್ತು.

“ಅಕ್ಕಾ, ನನ್ನ ಕೊನೆಯ ಪಂದ್ಯಕ್ಕೂ ಅವನು ಬರೋದಿಲ್ವಾ? ನನ್ನ ಮೇಲೆ ಅಷ್ಟು ಸಸಾರವಾ?”

“ನನ್ನ ಹತ್ತಿರ ಬಂದವರ ವಿಷಯ ನಾನು ಆಡುವುದಿಲ್ಲ, ಸೆಲ್ವಮ್. ಕೂರಿಸಿದ್ದು ಯಾರು ಅಂತ ಬೇಕಾದರೆ ಕೇಳು, ಹೇಳ್ತೇನೆ. ಕೂರಿಸಿದ್ದು ನಾನು. ಅವನಾಗಿ ಕೂತದ್ದಲ್ಲ.”

ನನ್ನ ಕಣ್ಣು ಅಭ್ಯಾಸಬಲದಿಂದ ಅವನ ಬಲ ಮೊಣಕಾಲಿಗೆ ಹೋಯಿತು. ಪಟ್ಟಿಯೊಳಗಿನಿಂದಲೇ ಊತ ಕಾಣುತ್ತಿತ್ತು. ಮೂಳೆಗಳ ನಡುವಿನ ಮೆತ್ತೆ ಪೂರ್ತಿ ಸವೆದಿದೆಯೆಂದು ಅವನೇ ಹೇಳಿದ. ಆಟ ಬಿಡುವುದೂ ಅದಕ್ಕೇ.

“ನನಗೂ ಒಬ್ಬ ಡಾಕ್ಟರ್ ಕೂತ್ಕೋ ಅಂದಿದ್ರು, ಅಕ್ಕಾ. ನಾನು ಡಾಕ್ಟರನ್ನೇ ಬದಲಾಯಿಸಿದೆ.” ನಕ್ಕಂತೆ ಮಾಡಿದ. ಆಮೇಲೆ ಕುಂಟುತ್ತಾ ಒಳಗೆ ಹೋದ.

ನಾನು ಒಳಗೆ ಹೋಗಿ ನೋಡಿದರೆ ಮಿಂಗ್ ಜರ್ಸಿ ಹಾಕಿ ಬೆಂಚಿನಲ್ಲಿ ಕೂತಿದ್ದಾನೆ! ಆಡಬಲ್ಲವರ ಪಟ್ಟಿಗೆ ಲಿಮ್ ಅವನ ಹೆಸರನ್ನೂ ಸೇರಿಸಿದ್ದರು. “ಹೆದರಿಸಲಿಕ್ಕೆ ಅಷ್ಟೇ ಲಾ, ಡಾಕ್ಟರ್. ಅವನನ್ನು ಕಂಡರೆ ಅವರು ಜಾಗ್ರತೆಯಿಂದ ಆಡ್ತಾರೆ. ಇಳಿಸೋದಿಲ್ಲ,” ಎಂದರು. ಇಳಿಸಿದರೆ ನಾನೇ ಅಂಕಣದ ನಡುವೆ ಬಂದು ನಿಲ್ಲುತ್ತೇನೆ, ಆಟ ಹೇಗೆ ನಡೆಸುತ್ತೀರೋ ನೋಡುತ್ತೇನೆ ಎಂದು ಹೇಳಿ ಮಿಂಗ್‌ನ ಪಕ್ಕದ ಕುರ್ಚಿಯಲ್ಲಿ ಕೂತೆ.

ಮಹಾಂತೇಶ ಹಿಂದಿನಿಂದ ಪಿಸುಗುಟ್ಟಿದ: “ಜರ್ಸಿ ಹಾಕ್ಕೊಂಡು ಕುಂತಾವ ಕಡೀಕ ಎದ್ದ ಏಳತಾನ್ರಿ ಮೇಡಂ.”

“ಗೊತ್ತುಂಟು ಮಾರಾಯ. ಆ ಡಿಫಿಬ್ರಿಲೇಟರ್ ಪೆಟ್ಟಿಗೆ ಕಾಲ ಹತ್ತಿರವೇ ಇಟ್ಟುಕೋ,” ಎಂದೆ. ನಿಂತ ಹೃದಯಕ್ಕೆ ಶಾಕ್ ಕೊಡುವ ಯಂತ್ರ ಅದು.

ಪ್ರೇಕ್ಷಕರಿಗೆ ಆ ಪಂದ್ಯಾವಳಿಯಲ್ಲಿ ಇನ್ನೂ ಪ್ರವೇಶ ಇರಲಿಲ್ಲ. ಖಾಲಿ ಕುರ್ಚಿಗಳ ನಡುವೆ ಚೆಂಡಿನ ಸದ್ದು, ಬೂಟಿನ ಕಿರುಚು, ಆಟಗಾರರ ಏದುಸಿರು ಎಲ್ಲವೂ ಕೇಳುತ್ತಿತ್ತು. ಪಂದ್ಯ ಕೊನೆಯವರೆಗೂ ಸಮಸಮ ಸಾಗಿತು. ಕೊನೆಯ ನಿಮಿಷ ನಡೆಯುತ್ತಿದ್ದಾಗ ನಾವು ಒಂದೇ ಅಂಕದಿಂದ ಹಿಂದೆ ಇದ್ದೆವು. ರೆಫರಿ ಸೀಟಿ ಊದಿ ಆಟ ನಿಲ್ಲಿಸಿದರು. ಲಿಮ್ ತಿರುಗಿ ಬೆಂಚಿನ ಕಡೆ ನೋಡಿದರು. ಬಾಯಿಬಿಟ್ಟು ಏನೂ ಹೇಳಲಿಲ್ಲ, ನಿಜ. ಆದರೆ ಆ ನೋಟವೇ ಸಾಕಾಯಿತು.

ಮಿಂಗ್ ಎದ್ದ. ಜಾಕೆಟ್ ಕಳಚಿ ಕುರ್ಚಿಗೆ ಎಸೆದ. ಬದಲಿ ಆಟಗಾರ ಹೆಸರು ಹೇಳಬೇಕಾದ ಮೇಜಿನ ಕಡೆ ಹೊರಟ. ನಾನು ಹಿಂದೆಯೇ ಓಡಿ ಅವನ ಜರ್ಸಿ ಹಿಡಿದೆ. ಅವನು ನಿಂತ, ಆದರೆ ತಿರುಗಿ ನೋಡಲಿಲ್ಲ. “ಒಂದೇ ನಿಮಿಷ, ಡಾಕ್ಟರ್,” ಎಂದ. ಅಂಥ ಮೈಕಟ್ಟಿನವನನ್ನು ನನ್ನ ಮುಷ್ಟಿಯಲ್ಲಿ ಹಿಡಿದಿಡುವುದು ಸಾಧ್ಯವೇ? ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಕಣ್ಣೆದುರೇ ಅವನು ಕುಸಿಯುವುದನ್ನು ಮನಸ್ಸಿನಲ್ಲಿ ನಾನಾಗಲೇ ಕಂಡುಬಿಟ್ಟಿದ್ದೆ.

ಅಷ್ಟರಲ್ಲಿ ಅಂಕಣದಿಂದ ಸೆಲ್ವಮ್ ನಮ್ಮ ಕಡೆ ಬಂದ. ಗೆರೆಯ ಆಚೆ ನಿಂತು, ತನ್ನ ಬಲ ಮೊಣಕಾಲನ್ನು ಅಂಗೈಯಿಂದ ಎರಡು ಸಲ ತಟ್ಟಿದ.

“ಡುಡುಕ್ ಲಾ, ಮಿಂಗ್.”

ಮಲಯ್ ಭಾಷೆಯಲ್ಲಿ ಅದು ‘ಕೂತ್ಕೋ’ ಎನ್ನುವ ಬರೀ ದಿನಬಳಕೆಯ ಮಾತು. ಊಟದ ಮೇಜಿನ ಹತ್ತಿರ ಬಂದವರಿಗೆ ಹೇಳುವಂಥದ್ದು. ಅವನು ಕೂಗಿ ಹೇಳಲಿಲ್ಲ. ಖಾಲಿ ಕ್ರೀಡಾಂಗಣವಾದ್ದರಿಂದ ಎಲ್ಲರಿಗೂ ಕೇಳಿಸಿತು. ಮಿಂಗ್ ಆ ಮೊಣಕಾಲನ್ನೇ ನೋಡುತ್ತ ನಿಂತ. ಆಮೇಲೆ ವಾಪಸು ಬಂದು ನನ್ನ ಪಕ್ಕ ಕೂತು, ಜಾಕೆಟ್‌ನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಪಂದ್ಯವನ್ನು ಒಂದೇ ಅಂಕದಿಂದ ಸೋತೆವು.

ಆ ಸಂಜೆ ಮಿಂಗ್ ತಾನಾಗಿಯೇ ಕೋಚ್‌ಗೆ ಎಲ್ಲವನ್ನೂ ಹೇಳಿದ. ಲಿಮ್ ನನ್ನ ಹತ್ತಿರ ಬಂದರು. “ಹೃದಯ ಅಂತ ಒಂದು ಮಾತು ಹೇಳಬಾರದಿತ್ತಾ?” ಎಂದರು. ಅದು ಅವನು ಹೇಳಬೇಕಾದ ಮಾತು ಎಂದೆ. ಬೈಯಬೇಕೆಂದು ಕೂಡಿಟ್ಟುಕೊಂಡಿದ್ದ ಮಾತುಗಳೆಲ್ಲ ಅವರ ಮುಖ ನೋಡಿ ಬಾಯಲ್ಲೇ ಉಳಿದವು. ವಾಸಿಯಾಗುವವರೆಗೆ ತಂಡದಲ್ಲಿ ಮಿಂಗ್‌ನ ಜಾಗ ಖಾಲಿಯೇ ಇರುತ್ತದೆ ಎಂದು ಅವರು ಅಲ್ಲೇ ಮಾತು ಕೊಟ್ಟರು, ಉಳಿಸಿಕೊಂಡರು ಕೂಡ.

ಮಿಂಗ್ ಕಟ್ಟುಪಾಡಿನಂತೆ ನಾಸಿ ಕಂದರ್ ಕಟ್ಟಿಸಿ ಪೆನಾಂಗ್ ಬಸ್ಸಿನ ಬಾಗಿಲಿಗೆ ಹೋದ. ಸೆಲ್ವಮ್ ತೆಗೆದುಕೊಳ್ಳಲಿಲ್ಲ. “ನೀನು ಆಡಲೇ ಇಲ್ಲ. ಹಾಗಾದರೆ ಸೋತದ್ದು ಹೇಗೆ? ಇದು ಲೆಕ್ಕಕ್ಕಿಲ್ಲ,” ಎಂದ. ಕೊನೆಗೆ ಆ ಪೊಟ್ಟಣ ಮಹಾಂತೇಶನ ಪಾಲಾಯಿತು.

ಮೂರು ತಿಂಗಳ ಪರೀಕ್ಷೆಯಲ್ಲಿ ಉರಿಯೂತ ಇನ್ನೂ ಸ್ವಲ್ಪ ಉಳಿದಿತ್ತು. ಆರನೆಯ ತಿಂಗಳಲ್ಲಿ ಎಂಆರ್‌ಐ ಶುದ್ಧವಾಗಿ ಬಂತು. ಆ ವರದಿ ಹಿಡಿದು ನಾನು ಕಾಲೇಜಿನ ಕಾರಿಡಾರ್‌ನಲ್ಲಿ ಒಬ್ಬಳೇ ನಕ್ಕದ್ದನ್ನು ವಿದ್ಯಾರ್ಥಿಗಳು ನೋಡಿರಬೇಕು.

ಆಟಗಾರನಿಗೆ ‘ಬೇಡ’ ಎನ್ನುವುದೇ ನನ್ನ ಕೆಲಸ, ಉಳಿದದ್ದು ಅವನ ಹಣೆಬರಹ ಎಂದು ನಾನು ಅಲ್ಲಿಯವರೆಗೆ ನಂಬಿದ್ದೆ. ಆ ‘ಬೇಡ’ವನ್ನು ಅವನು ಯಾರ ಬಾಯಿಂದ ಕೇಳಿಸಿಕೊಳ್ಳುತ್ತಾನೆ ಎಂದು ಹುಡುಕುವುದೂ ವೈದ್ಯರ ಕೆಲಸವೇ ಎಂದು ಆ ಫೈನಲ್ ಕಲಿಸಿತು. ಕೆಲವೊಮ್ಮೆ ಅದು ಎದುರಾಳಿಯ ಬಾಯಿ. ಆಟಗಾರನನ್ನು ಸೋಲಿಸಲು ಎಲ್ಲರಿಗಿಂತ ಹೆಚ್ಚು ಆಸೆಪಟ್ಟವನಿಗೇ ಅವನು ನೆಟ್ಟಗೆ ಇರಬೇಕೆಂಬ ಆಸೆಯೂ ಎಲ್ಲರಿಗಿಂತ ಹೆಚ್ಚು ಇರುತ್ತದೆ.

ಮುಂದಿನ ಪಂದ್ಯಾವಳಿಯ ಹೊತ್ತಿಗೆ ಪ್ರೇಕ್ಷಕರಿಗೆ ಬಾಗಿಲು ತೆರೆದಿತ್ತು. ಮಿಂಗ್ ಮತ್ತೆ ಆಡಿದ ಮೊದಲ ಪಂದ್ಯಕ್ಕೆ ಸೆಲ್ವಮ್ ಪೆನಾಂಗ್‌ನಿಂದ ಬಂದಿದ್ದ. ಮೊಣಕಾಲಿನ ಆಪರೇಷನ್ ಆಗಿ ಇನ್ನೂ ಊರುಗೋಲಿನಲ್ಲಿದ್ದ. ಮಿಂಗ್‌ನ ಮೊದಲ ಚೆಂಡು ಬುಟ್ಟಿಗೆ ಬೀಳುತ್ತಲೇ ಇಡೀ ಕ್ರೀಡಾಂಗಣ ಎದ್ದಿತು. ಊರುಗೋಲು ಬಿಟ್ಟು, ಎದುರಿನ ಕಂಬಿ ಹಿಡಿದು ಸೆಲ್ವಮ್ ಕೂಡ ಎದ್ದುಬಿಟ್ಟ. ವಾಪಸು ಓಡುತ್ತಿದ್ದ ಮಿಂಗ್ ಅದನ್ನು ಕಂಡು, ತನ್ನ ಮೊಣಕಾಲು ತಟ್ಟಿ, ಅಂಗೈಯನ್ನು ಕೆಳಕ್ಕೆ ಒತ್ತಿ ತೋರಿಸಿದ. ಆ ಗದ್ದಲದಲ್ಲಿ ಮಾತು ಕೇಳಲಿಲ್ಲ. ಏನೆಂದನೋ ನನಗೆ ಗೊತ್ತಿತ್ತು.

ಸೆಲ್ವಮ್ ಕೂತ. ನಾನು ಮಾತ್ರ ಇನ್ನೂ ಸ್ವಲ್ಪ ಹೊತ್ತು ನಿಂತೇ ಇದ್ದೆ.