ಸೆರಗು ಉಳಿಸಿದ ಲೆಕ್ಕ

1981ರ ಬೇಸಿಗೆಯಲ್ಲಿ ಇಳಕಲ್ಲಿನ ನಮ್ಮ ಮನೆಯಲ್ಲಿ ಅವ್ವನ ಮದುವೆ ಸೀರೆಗೆ ಕತ್ತರಿ ಬಿತ್ತು. ಮೊನ್ನೆ ಮೊಮ್ಮಗಳು ಮಿಠಾಯಿಯ ರಟ್ಟಿನ ಡಬ್ಬಿಯನ್ನು ಬಿಚ್ಚಿ ನೆಲಕ್ಕೆ ಹಾಸಿದಾಗ ಅದು ನೆನಪಾಯಿತು.

ಅಪ್ಪ ಕಲ್ಲು ಸೀಳುವವನು. ಆ ವರ್ಷ ದಮ್ಮು ಹೆಚ್ಚಾಗಿ, ಅಡ್ಡಾದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಡಾಕ್ಟರು ಇಳಿಜಾರಿನ ದಿಂಬು ಹೇಳಿದರು. ಅರಳೆ ತುಂಬಿಸಿದ್ದಾಯಿತು, ಗವಸಿಗೆ ಮೆತ್ತನೆಯ ಬಟ್ಟೆ ಎಂದರೆ ಆ ಸೀರೆಯೊಂದೇ. ಅದನ್ನು ನೇಯ್ದವನು ಅವ್ವನ ಅಪ್ಪ. ಸೀರೆಯ ಒಡಲು ಹರಿದು, ಸೆರಗಿನ ಪಕ್ಕ ಐವತ್ತು ಇಂಚು ಉದ್ದ, ಮೂವತ್ತಾರು ಅಗಲದ ಗಟ್ಟಿ ತುಂಡು ಉಳಿದಿತ್ತು.

"ಸೆರಗೂ ಹಿಡೀಬೇಕಾಗ್ತೈತ್ರಿ ಅಕ್ಕಾರ" ಎಂದ ದರ್ಜಿ ಹುಸೇನ ಕಾಕಾ.

ಅವ್ವ ಸೆರಗನ್ನು ತೊಡೆಯ ಕೆಳಗೆ ಸೇರಿಸಿಕೊಂಡಳು. "ಇದಕ್ಕ ಕತ್ರಿ ಹಚ್ಚಂಗಿಲ್ಲ."

ನಾನಾಗ ಹತ್ತನೆಯ ತರಗತಿ. ಡಬ್ಬಿಯಂಥ ಪಟ್ಟಕವನ್ನು ಬಿಚ್ಚಿ ಹಾಸಿ ಮೇಲ್ಮೈ ಅಳೆಯುವ ಪಾಠ ಆಗಷ್ಟೇ ಮುಗಿದಿತ್ತು. ಜಗತ್ತಿನಲ್ಲಿ ನನಗೆ ತಿಳಿಯದ್ದು ಉಳಿದಿರಲಿಲ್ಲ. ದಿಂಬಿನ ಬದಿ ತ್ರಿಕೋನ: ಎತ್ತರ ಹನ್ನೆರಡು, ತಳ ಹದಿನಾರು, ಇಳಿಜಾರು ಇಪ್ಪತ್ತು. ದಿಂಬಿನ ಅಗಲ ಇಪ್ಪತ್ತೆರಡು. ಹಳೆಯ ಪೇಪರುಗಳನ್ನು ಅಂಟಿಸಿ ಮೂರು ಆಯತಗಳ ಪಟ್ಟಿ ಬರೆದೆ. ಮೇಲೊಂದು ಕೆಳಗೊಂದು ತ್ರಿಕೋನ. ಮೂರು ಬದಿ ಸೇರಿ ನಲವತ್ತೆಂಟು, ಗುಣಿಸು ಇಪ್ಪತ್ತೆರಡು, ಕೂಡಿಸು ಎರಡು ತ್ರಿಕೋನದ ನೂರಾ ತೊಂಬತ್ತೆರಡು. ಒಟ್ಟು ಸಾವಿರದ ಇನ್ನೂರ ನಲವತ್ತೆಂಟು ಚದರ ಇಂಚು.

"ಬಟ್ಟಿ ಸಾವಿರದ ಎಂಟನೂರು ಐತಿ ಕಾಕಾ. ಸಾಕಾಗಿ ಉಳೀತೈತಿ."

ಕಾಕಾ ನನ್ನ ಪೇಪರನ್ನು ಬಟ್ಟೆಯ ಮೇಲೆ ಹಾಸಿದ. ಎರಡೂ ತ್ರಿಕೋನ ಹೊರಗೆ ಚಾಚಿದವು. ಒಂದರ ಮೂತಿ ಅವ್ವನ ತೊಡೆ ಮುಟ್ಟಿತು.

"ಲೆಕ್ಕ ಭಾಳ ಚಂದ ಐತಿ ತಂಗಿ. ಬಟ್ಟಿಗೆ ಗೊತ್ತಿಲ್ಲಷ್ಟ."

ಅವ್ವ ನನ್ನನ್ನೇ ನೋಡಿದಳು. ಕತ್ತರಿ ಕಾಕಾನ ಕೈಯಲ್ಲಿತ್ತು.

ಗೋಡೆಗೆ ಒರಗಿದ್ದ ಅಪ್ಪ ಕೈ ಎತ್ತಿದ. "ಆ ಎರಡು ಮೂಲಿ... ಹರಿ. ಓರೆಗೆ ಓರೆ... ಹಚ್ಚು. ಕಲ್ಲು ಹಂಗ ಸೀಳ್ತೇವಿ."

ತ್ರಿಕೋನಗಳನ್ನು ಹರಿದು, ಇಳಿಜಾರಿಗೆ ಇಳಿಜಾರು ಕೂಡಿಸಿದೆ. ಹನ್ನೆರಡು ಹದಿನಾರರ ಆಯತವಾಯಿತು. ಪಟ್ಟಿಯ ಒಂದೇ ಬದಿಗೆ ಅದನ್ನಿಟ್ಟೆ. ಬಟ್ಟೆಯೊಳಗೇ ಕೂತಿತು.

"ಹೊಲಿಗಿಗೆ?" ಎಂದ ಕಾಕಾ. ಅದನ್ನು ನಾನು ಮರೆತೇಬಿಟ್ಟಿದ್ದೆ. ಅವನೇ ಪಟ್ಟಿಗೂ ತ್ರಿಕೋನಗಳಿಗೂ ಸುತ್ತಲೂ ಅರ್ಧರ್ಧ ಇಂಚು ಬಿಟ್ಟು ಗೀಚಿದ. ಇಪ್ಪತ್ಮೂರು ಕೂಡಿಸು ಹದಿಮೂರು, ಅಗಲ ಸರಿಯಾಗಿ ಮೂವತ್ತಾರು. ಆಮೇಲೆ ಅವ್ವನ ಕಡೆ ತಿರುಗಿ, "ಏಳ್ರಿ ಅಕ್ಕಾರ, ಸೆರಗು ನಿಮ್ದ" ಎಂದ.

ಅವ್ವ ಏಳಲಿಲ್ಲ. ಕತ್ತರಿ ಕೊನೆಯ ಗೆರೆ ದಾಟುವವರೆಗೂ ಕೂತೇ ಇದ್ದಳು.

ಮರುದಿನ ಊಟವಾದ ಮೇಲೆ ಅಪ್ಪ ಹೊಸ ಗವಸಿನ ದಿಂಬಿಗೆ ಒರಗಿ ನಾಲ್ಕು ಗಂಟೆಯವರೆಗೆ ನಿದ್ದೆ ಮಾಡಿದ.

ದಿಂಬು ಈಗಿಲ್ಲ. ಸೆರಗು ನನ್ನ ಟ್ರಂಕಿನಲ್ಲಿದೆ. ನಿನ್ನೆ ಮೊಮ್ಮಗಳು ಅದನ್ನು ಅಳೆದಳು. ಅಂಚಿನಿಂದ ಅಂಚಿಗೆ ಪೂರ್ತಿ ಇದೆ.