ಎತ್ತಿದ ಕೈ

ಗದ್ದಲ ಹಾಕುವ ಪ್ರೇಕ್ಷಕರನ್ನು ಸುಮ್ಮನಾಗಿಸುವುದರಲ್ಲಿ ಹುನಗುಂದದ ನಾಗಲಿಂಗ ಸರ್ ಎತ್ತಿದ ಕೈ ಎಂದು ಬಾಗಲಕೋಟೆ ಜಿಲ್ಲೆಯ ದೈಹಿಕ ಶಿಕ್ಷಕರೆಲ್ಲ ಹೇಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಸರ್ ಕೇಳಿಸದವರಂತೆ ಶಿಳ್ಳೆಯ ದಾರ ಸರಿಪಡಿಸಿಕೊಳ್ಳುವರು. ಕೇಳಿಸಿರುತ್ತಿತ್ತು, ಚೆನ್ನಾಗಿಯೇ ಕೇಳಿಸಿರುತ್ತಿತ್ತು.

ಇಪ್ಪತ್ತೆರಡು ವರ್ಷಗಳಿಂದ ಶಾಲಾ ಮಕ್ಕಳ ಸಾಫ್ಟ್‌ಬಾಲ್ ಪಂದ್ಯಗಳಿಗೆ ಅವರೇ ಅಂಪೈರ್. ಮಕ್ಕಳ ಆಟವೆಂದರೆ ಹೊರಗೆ ನಿಂತ ದೊಡ್ಡವರದೇ ಕಾಟ, ಅದು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದದ್ದೇ. ಒಬ್ಬ ಕಾಕಾ ತನ್ನ ಅಣ್ಣನ ಮಗಳು ಔಟಾದಳೆಂದು ಗೆರೆ ದಾಟಿ ಒಳಗೆ ಬರುತ್ತಾನೆ, ಇನ್ನೊಬ್ಬ ಎದುರು ತಂಡದಲ್ಲಿ ಚೆಂಡೆಸೆಯುವ ಪಿಚರ್ ಹುಡುಗಿಯನ್ನು ಅಣಕಿಸುತ್ತಾನೆ. ಹೊಸ ಶಿಕ್ಷಕರಿಗೆ ಸರ್ ಹೇಳಿಕೊಡುತ್ತಿದ್ದದ್ದು ಇಷ್ಟೇ: "ಮಂದಿ ಕೂಡ ವಾದಕ್ಕ ನಿಲ್ಲಬ್ಯಾಡ್ರಿ. ಅವರ ಕಡೆ ಕಣ್ಣೆತ್ತಿ ಸೈತ ನೋಡಬ್ಯಾಡ್ರಿ, ನಿಮ್ಮಪ್ಪ ಬಂದು ನಿಂತ್ರೂ ನೋಡಬ್ಯಾಡ್ರಿ. ಭಾಳ ಆತಂದ್ರ ಆಟ ನಿಲ್ಲಸಿ ಸಂಘಟಕರಿಗೆ ಹೇಳ್ರಿ, ಅವರು ಹೊರಗ ಕರಕೊಂಡು ಹೋಗ್ತಾರ. ಮಕ್ಕಳ ಮುಂದ ಮಾತ್ರ ಯಾರ ಮಾನಾನೂ ತಗೀಬ್ಯಾಡ್ರಿ."

ಮನೆಯಲ್ಲಿ ಹೆಂಡತಿ ಸುನಂದಾ, "ನಿಮ್ಮ ಬಾಯಾಗ ತಪ್ಪಾತು ಅನ್ನೋ ಮಾತ ಒಂದು ಸಲ ಕೇಳಿ ಸಾಯಬೇಕು ನೋಡ್ರಿ" ಎಂದು ನಗಾಡುತ್ತಿದ್ದಳು. ಸರ್ ಅದಕ್ಕೂ ನಗುತ್ತಿರಲಿಲ್ಲ. ಅಂಪೈರ್ ಆದವನು ತಪ್ಪಾಯಿತು ಎಂದರೆ ಆಟವೇ ಕೆಡುತ್ತದೆ ಎಂಬುದು ಅವರ ಗಟ್ಟಿ ನಂಬಿಕೆ.

ಆ ಪಂದ್ಯ ಬಾಗಲಕೋಟೆಯಲ್ಲಿ ನಡೆಯಿತು, ಪ್ರೌಢಶಾಲಾ ಹುಡುಗಿಯರ ಜಿಲ್ಲಾ ಫೈನಲ್. ಒಂದು ಕಡೆ ಇಳಕಲ್ಲಿನ ಹುಡುಗಿಯರು, ಇನ್ನೊಂದು ಕಡೆ ಬಾದಾಮಿಯವರು. ಗೆದ್ದವರು ಬೆಳಗಾವಿಗೆ, ವಿಭಾಗ ಮಟ್ಟಕ್ಕೆ. ಕೊನೆಯ ಸರದಿ, ಇಳಕಲ್ಲಿನವರು ಒಂದು ರನ್ ಹಿಂದಿದ್ದರು, ಒಬ್ಬಳು ಔಟಾಗಿದ್ದಳು. ಮೂರನೆಯ ಬೇಸ್ ಮೇಲೆ ವಿದ್ಯಾ ನಿಂತಿದ್ದಳು, ಹತ್ತನೆಯ ಇಯತ್ತೆಯ ಹುಡುಗಿ, ಶಾಲೆಯಲ್ಲಿ ಅವಳಿಗಿದು ಕೊನೆಯ ವರ್ಷ. ಅವಳು ಓಡಿಬಂದು, ಬ್ಯಾಟು ಹಿಡಿದವಳು ನಿಲ್ಲುವ ಹೋಮ್ ಮುಟ್ಟಿದರೆ ಪಂದ್ಯ ಸಮ, ನಡುವೆ ಯಾರಾದರೂ ಚೆಂಡು ಮೈಗೆ ಮುಟ್ಟಿಸಿದರೆ ಔಟ್.

ಚೆಂಡು, ಬ್ಯಾಟಿನ ಹಿಂದೆ ಕೂತ ಕ್ಯಾಚರ್ ಹುಡುಗಿಯ ಕೈ ತಪ್ಪಿ ಹಿಂದೆ ತಂತಿ ಬಲೆಯ ಕಡೆ ಉರುಳಿತು. ವಿದ್ಯಾ ಓಟ ಕಿತ್ತಳು. ಚೆಂಡು ಎಲ್ಲಿ ಹೋಯಿತೆಂದು ನಾಗಲಿಂಗ ಸರ್ ಹಿಂದೆ ತಿರುಗಿದರು. ಬಲೆಯ ಆಚೆ ಬಿಳಿ ಧೋತರ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಕೋಲು. ಅಮಾತೆಪ್ಪ ಮಾಸ್ತರರು ನಿಂತಿದ್ದರು. ಬೇವೂರಿನ ಸಾಲಿಯಲ್ಲಿ ನಾಗಲಿಂಗನಿಗೆ ಅಕ್ಷರ ಕಲಿಸಿದವರು. ಈ ಮಾಸ್ತರರದು ಒಂದು ಪದ್ಧತಿ: ಎದುರಿಗೆ ಬಂದವರು ಕೂಸೇ ಇರಲಿ, ಮೊದಲು ತಾವೇ ಕೈ ಮುಗಿದು ಶರಣು ಎನ್ನುವರು. ತಿರುಗಿ ಶರಣು ಎನ್ನುವವನು ಕೈಯನ್ನು ಎದೆಯ ಹತ್ತಿರ ಮುಗಿದರೆ ಸಾಲದು, ತಲೆಯ ಮೇಲೆ ಹೋಗಬೇಕು. ಬೇವೂರಿನ ಆ ಸಾಲಿಯಲ್ಲಿ ಓದಿದವರನ್ನು ಇವತ್ತಿಗೂ ಇದರಿಂದಲೇ ಗುರುತು ಹಿಡಿಯಬಹುದು.

"ಶರಣು, ನಾಗಲಿಂಗಾ" ಎಂದರು ಮಾಸ್ತರರು.

ನಾಗಲಿಂಗ ಸರ್ ಅವರ ಎರಡೂ ಕೈ ತಲೆಯ ಮೇಲೆ ಹೋದವು.

ಸಾಫ್ಟ್‌ಬಾಲ್‌ನಲ್ಲಿ ಅಂಪೈರ್ ಎರಡೂ ಕೈ ತಲೆಯ ಮೇಲೆತ್ತಿದರೆ ಆಟ ನಿಂತಿತು ಎಂದರ್ಥ. ಬೆನ್ನ ಹಿಂದಿನಿಂದ ಓಡಿ ಬರುತ್ತಿದ್ದ ವಿದ್ಯಾಳಿಗೆ ಕಂಡದ್ದು ಮೇಲೆದ್ದ ಎರಡು ತೋಳು, ಮುಗಿದ ಅಂಗೈ ಅಲ್ಲ. ಕಲಿಸಿದ ಹಾಗೆ ಆ ಹುಡುಗಿ ಅಲ್ಲೇ ನಿಂತಳು. ಕ್ಯಾಚರ್ ಚೆಂಡು ಹೆಕ್ಕಿಕೊಂಡು ಓಡಿಬಂದು ಅವಳ ಮೈಗೆ ಮುಟ್ಟಿಸಿದಳು. ಇತ್ತ ತಿರುಗಿದ ಸರ್, ಎದುರಿಗೆ ಕಂಡದ್ದನ್ನಷ್ಟೇ ನೋಡಿ ಔಟ್ ಎಂದುಬಿಟ್ಟರು.

"ಸರ್, ನೀವು ಕೈ ಎತ್ತಿದ್ರಲ್ರಿ" ಎಂದಳು ವಿದ್ಯಾ.

ಆಗ ಸರ್‌ಗೆ ತಾನು ಮಾಡಿದ್ದು ಹೊಳೆಯಿತು. ಆಗಲೇ ಸರಿಪಡಿಸಬಹುದಿತ್ತು. ಅಂಪೈರ್ ಕೈಯಿಂದ ತಪ್ಪಾಗಿ ಓಡುವವಳಿಗೆ ತೊಂದರೆಯಾದರೆ ನ್ಯಾಯ ಮಾಡಲು ನಿಯಮವೇ ಇದೆ, ಅದನ್ನು ನೂರು ಜನಕ್ಕೆ ಓದಿ ಹೇಳಿದವರೂ ಇವರೇ. ಆದರೆ ಏನೆಂದು ಹೇಳುವುದು? ಆಟದ ನಡುವೆ ಬಲೆಯ ಆಚೆಗಿದ್ದವರಿಗೆ ನಮಸ್ಕಾರ ಮಾಡುತ್ತಿದ್ದೆ ಎಂದೇ? ನಾಲಿಗೆ ಹೊರಳಲಿಲ್ಲ. ಹೊರಳಿದ್ದು ಬೇರೆಯದಕ್ಕೆ.

"ನಾ ಎತ್ತಿಲ್ಲವಾ. ನೀ ಏನೋ ನೋಡೀದಿ."

"ಎತ್ತಿದ್ರಿ, ಸರ್. ನಾ ನೋಡೇನಿ." ಈ ದನಿ ಗೆರೆಯ ಹೊರಗಿಂದ ಬಂತು. ವಿದ್ಯಾಳ ತಾಯಿ ಸಾವಿತ್ರೆವ್ವ, ಇಳಕಲ್ಲಿನಲ್ಲಿ ಮಗ್ಗ ನೇಯುವವಳು. ಆಕೆ ಬೈಯಲಿಲ್ಲ, ಅಣಕಿಸಲಿಲ್ಲ, ಗೆರೆಯನ್ನೂ ದಾಟಲಿಲ್ಲ. ಅದೊಂದೇ ಮಾತನ್ನು ಮತ್ತೆ ಮತ್ತೆ ಹೇಳಿದಳು, ಪ್ರತಿಸಲ ಸ್ವಲ್ಪ ಜೋರಾಗಿ. ಇಳಕಲ್ಲಿನ ಮಂದಿಯೆಲ್ಲ ದನಿಗೂಡಿಸಿತು.

ನಾಗಲಿಂಗ ಸರ್ ಎರಡು ಹೆಜ್ಜೆ ಅವಳ ಕಡೆ ಹೋದರು. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಹೋದವರಲ್ಲ. "ಆಟ ತಿಳೀದವರು ಬಾಯಿ ಮುಚಗೊಂಡು ಕುಂದರಬೇಕ್ರಿ. ನಿಮ್ಮಂಥವರಿಂದನ ಮಕ್ಕಳು ಸುಳ್ಳು ಹೇಳೂದು ಕಲೀತಾರ" ಎಂದರು, ಅಷ್ಟು ಹುಡುಗಿಯರ ಎದುರಿಗೆ. ಆಮೇಲೆ ಆಟ ನಿಲ್ಲಿಸಿ ಸಂಘಟಕರನ್ನು ಕರೆದರು. ಇಬ್ಬರು ಶಿಕ್ಷಕಿಯರು ಸಾವಿತ್ರೆವ್ವನನ್ನು ಗೇಟಿನ ಹೊರಗೆ ಕರೆದುಕೊಂಡು ಹೋದರು. ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡು ಹೋದಳು. ಬ್ಯಾಟು ಹಿಡಿದಿದ್ದವಳು ಚೆಂಡಿಗೆ ಅದನ್ನು ತಾಗಿಸಲಾರದೆ ಔಟಾದಳು, ಮೂರು ಔಟಿಗೆ ಸರದಿ ಮುಗಿದು ಇಳಕಲ್ ಒಂದು ರನ್ನಿನಿಂದ ಸೋತಿತು. ಅಮಾತೆಪ್ಪ ಮಾಸ್ತರರು ಬಲೆಯ ಆಚೆಯಿಂದ ಯಾವಾಗ ಹೋದರೋ, ಸರ್ ನೋಡಲೇ ಇಲ್ಲ. ನೋಡುವ ಮುಖ ಇರಲಿಲ್ಲ ಎನ್ನಿ.

ಮುಂದಿನ ಭಾನುವಾರ ಬಾದಾಮಿಯಲ್ಲಿ ಅಂಪೈರ್‌ಗಳ ತರಬೇತಿ. ಮಾತಾಡುವವರು ನಾಗಲಿಂಗ ಸರ್. ವಿಷಯ, ಗದ್ದಲ ಹಾಕುವ ಪ್ರೇಕ್ಷಕರನ್ನು ಹೇಗೆ ನಿಭಾಯಿಸುವುದು. ದೇವರು ಕೆಲವೊಮ್ಮೆ ಹೀಗೇ ಆಟ ಕಟ್ಟುತ್ತಾನೆ. ಹುಷಾರಿಲ್ಲ ಎಂದು ತಪ್ಪಿಸಿಕೊಳ್ಳಲು ನೋಡಿದರು, ಸುನಂದಾ ಆಗಲೇ ಅಂಗಿ ಇಸ್ತ್ರಿ ಮಾಡಿ ಇಟ್ಟಿದ್ದಳು. ಎಂದಿನ ಮಾತುಗಳನ್ನೇ ಎಂದಿನ ಸಾಲಿನಲ್ಲೇ ಹೇಳಿದರು. ಮಾನದ ಮಾತು ಬಂದಾಗ ಮಾತ್ರ ನಿಲ್ಲಿಸಿ ನೀರು ಕುಡಿದರು.

ಕೊನೆಗೆ ಶಹನಾಜ ಎದ್ದು ನಿಂತಳು. ಕೆಲಸಕ್ಕೆ ಸೇರಿ ಎರಡು ವರ್ಷವಾದ ಶಿಕ್ಷಕಿ. ಆ ಫೈನಲ್‌ನಲ್ಲಿ ಎರಡನೆಯ ಬೇಸ್ ಹತ್ತಿರ ನಿಂತ ಇನ್ನೊಬ್ಬ ಅಂಪೈರ್ ಅವಳೇ. ಟಿಪ್ಪಣಿ ಬರೆದುಕೊಂಡಿದ್ದ ವಹಿಯಿಂದ ಕಣ್ಣು ಎತ್ತದೆ ಕೇಳಿದಳು: "ಸರ್, ಮಂದಿ ಹೇಳೂದು ಖರೆ ಇದ್ರ ಏನ್ ಮಾಡಬೇಕ್ರಿ?"

ನೋಡಿದ್ದಾಳೆ. ನೋಡಿಯೂ ದೊಡ್ಡವರೆಂದು ಸುಮ್ಮನಿದ್ದಾಳೆ. ಎಂಟು ದಿನದಿಂದ ಅದನ್ನು ನುಂಗಿಕೊಂಡು ಕೂತಿದ್ದಾಳೆ. ಆ ಎಳೆಯ ಹುಡುಗಿಗೆ ತಾನು ಕಲಿಸಿದ್ದು ಇದೇನಾ ಎಂದು ಸರ್‌ಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. "ಖರೆ ಇದ್ರ ಒಪ್ಪಿಕೋಬೇಕವಾ" ಎಂದರು. ದನಿ ಮುಂದಿನ ಸಾಲಿಗೂ ಕೇಳಿಸಲಿಲ್ಲ.

ಅಲ್ಲಿಂದ ಮನೆಗೆ ಹೋಗಲಿಲ್ಲ. ಹುನಗುಂದದಲ್ಲಿ ಇಳಿಯದೆ ಅದೇ ಬಸ್ಸಿನಲ್ಲಿ ಇಳಕಲ್ಲಿಗೆ ಹೋದರು, ಕೇಳಿ ಕೇಳಿ ಸಾವಿತ್ರೆವ್ವನ ಮನೆ ಹುಡುಕಿದರು. ಆಕೆ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದಳು. ಇವರನ್ನು ಕಂಡು ಲಾಳಿ ನಿಲ್ಲಿಸಿದಳು.

ಸರ್ ಕೂರಲಿಲ್ಲ. ನಿಂತುಕೊಂಡೇ ಹೇಳಿದರು. ಮಾಸ್ತರರು ಬಂದದ್ದು, ಕೈ ಎದ್ದದ್ದು, ಗೊತ್ತಾಗಿಯೂ ಇಲ್ಲವೆಂದದ್ದು. "ತಪ್ಪಾತ್ರಿ, ಯವ್ವಾ" ಎಂದರು. ಸುನಂದಾ ಕೇಳಬೇಕೆಂದಿದ್ದ ಮಾತು ಇಳಕಲ್ಲಿನ ಒಂದು ಮಗ್ಗದ ಮನೆಯಲ್ಲಿ ಹೊರಬಿತ್ತು.

ಸಾವಿತ್ರೆವ್ವ ನೇಯ್ದ ಸೀರೆಯ ಅಂಚನ್ನು ಬೆರಳಲ್ಲಿ ಸವರುತ್ತ ಹೇಳಿದಳು: "ಮಗಳು ಆಡೂದು ಕಲಿಯೂವಾಗ ಅಂಗಳದಾಗ ನನ್ನ ಅಂಪೈರ್ ಮಾಡಿ ನಿಲ್ಲಸ್ತಿದ್ಳರಿ. ಒಂದು ಕೈ ಅಂದ್ರೇನು, ಎರಡು ಕೈ ಅಂದ್ರೇನು, ಎಲ್ಲಾ ಆಕೀನ ಕಲಿಸ್ಯಾಳ. ಆಟ ನನಗ ತಿಳೀತೈತ್ರಿ."

ಲಾಳಿಯನ್ನು ಬದಿಗಿಟ್ಟು ಆಕೆಯೇ ಮುಂದುವರಿಸಿದಳು.

"ನನಗ ಹೇಳಿ ಏನ್ ಮಾಡ್ತೀರಿ? ನನ್ನ ಕಣ್ಣಾಗ ನನಗೇನೂ ಅನುಮಾನ ಇದ್ದಿಲ್ಲ. ಆಕಿ ಎಂಟು ದಿನಾತು, ನನ್ನ ಕೂಡ ಮಾತ ಬಿಟ್ಟಾಳ. ‘ಸರ್ ಸುಳ್ಳು ಹೇಳಂಗಿಲ್ಲ, ನಾನ ತಪ್ಪು ನೋಡಿ ನಿಂತೆ, ಎಲ್ಲಾರ್ನೂ ಸೋಲಿಸಿದೆ, ನೀ ಮ್ಯಾಲೆ ಒದರಾಡಿ ಮರ್ಯಾದಿ ಕಳದಿ’ ಅಂತಾಳ. ಆಕಿಗೆ ಹೇಳ್ರಿ."

ಅಷ್ಟರಲ್ಲಿ ವಿದ್ಯಾ ಕೊಡ ಹೊತ್ತುಕೊಂಡು ಬಾಗಿಲಿಗೆ ಬಂದಳು. ಸರ್ ಅವರನ್ನು ಕಂಡು ಗಾಬರಿಯಾದಳು. ಕೊಡ ಕೆಳಗಿಟ್ಟು, ಒದ್ದೆ ಕೈ ಲಂಗಕ್ಕೆ ಒರೆಸಿಕೊಂಡು ಮುಗಿದಳು.

"ಶರಣ್ರಿ, ಸರ್."

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಬಾಯಿಗೆ ಬರುವ ಮೊದಲೇ ನಾಗಲಿಂಗ ಸರ್ ಅವರ ಎರಡೂ ಕೈ ಎದ್ದು ತಲೆಯ ಮೇಲೆ ಹೋದವು.

ವಿದ್ಯಾ ಆ ಕೈಗಳನ್ನು ನೋಡಿದಳು. ನೋಡುತ್ತಲೇ ನಿಂತಳು. ಸರ್‌ಗೆ ಕೈ ಇಳಿಸುವುದೂ ತಿಳಿಯಲಿಲ್ಲ.

"ಅವತ್ತೂ ಹಿಂಗ ಎತ್ತಿದ್ರಿ" ಎಂದಳು.

"ಹೌದವಾ."

ಹುಡುಗಿಯ ಕಣ್ಣು ತುಂಬಿದವು. ಸೋತ ಪಂದ್ಯದ ಮಾತು ಅವಳು ಎತ್ತಲಿಲ್ಲ, ಬೆಳಗಾವಿಯ ಮಾತನ್ನೂ ಎತ್ತಲಿಲ್ಲ. ಹೋಗಿ ಮಗ್ಗದ ಕುಣಿಯ ಅಂಚಿನಲ್ಲಿ ತಾಯಿಯ ಬಗಲಿಗೆ ಕೂತು, ಅಲ್ಲಿಂದಲೇ ಕೇಳಿದಳು:

"ಹಂಗಾರ ನಮ್ಮವ್ವನ್ನ ಯಾಕ ಹೊರಗ ಹಾಕಿಸಿದ್ರಿ, ಸರ್?"